ಬಣ್ಣವಿಲ್ಲದ್ದರಲ್ಲಿ ಬಣ್ಣ: ಧ್ರುವೀಕೃತ ಬೆಳಕಿನಲ್ಲಿ ಅಮೂರ್ತ ಚಿತ್ರ ತೆಗೆಯುವ ಸಮಗ್ರ ಮಾರ್ಗದರ್ಶಿ

ಒಂದು ಎಲ್‌ಸಿಡಿ ಪರದೆ, ಕ್ಯಾಮೆರಾಕ್ಕೆ ಹಾಕುವ ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಫಿಲ್ಟರ್, ಹಳೆಯ ಫೋಟೋ ಫ್ರೇಮಿನಿಂದ ಬಿಚ್ಚಿದ ಗಾಜು, ಪಾರದರ್ಶಕ ಪ್ಯಾಕಿಂಗ್ ಟೇಪು, ಮೆಡಿಕಲ್ ಅಂಗಡಿಯ ಎಪ್ಸಮ್ ಸಾಲ್ಟ್. ಅಮೂರ್ತ ಚಿತ್ರಗಳ ಸರಣಿಯೊಂದಕ್ಕೆ ಇಷ್ಟು ಸಾಮಾನು ಸಾಕು. ಬರಿಗಣ್ಣಿಗೆ ನೀರಿನಂತೆ ಬಣ್ಣವಿಲ್ಲದ ಈ ವಸ್ತುಗಳು ಎರಡು ಪೋಲರೈಸರ್‌ಗಳ ನಡುವೆ ನೇರಳೆ, ನವಿಲುನೀಲಿ, ಕಿತ್ತಳೆಯಾಗಿ ಹೊಳೆಯುತ್ತವೆ. ಸಾಫ್ಟ್‌ವೇರಿನಲ್ಲಿ ಬಣ್ಣ ತುಂಬುವ ಕೆಲಸ ಇಲ್ಲಿಲ್ಲ.

ಅಂತರ್ಜಾಲದಲ್ಲಿ ಇಂಥ ಚಿತ್ರಗಳು ಬೇಕಾದಷ್ಟು ಉಂಟು. ಹೆಚ್ಚಿನವು 'ಏನೋ ಇಟ್ಟೆ, ಏನೋ ಬಂತು' ಎಂಬ ಜಾತಿಯವು. ಬಣ್ಣವನ್ನು ಆಳುವುದು ವಸ್ತುವಿನ ದಪ್ಪ ಮತ್ತು ಅದನ್ನು ಇಟ್ಟ ಕೋನ. ಈ ಎರಡು ಕೈಗೆ ಸಿಕ್ಕಿದರೆ ಬೇಕಾದ ಬಣ್ಣವನ್ನು ಬೇಕಾದ ಜಾಗದಲ್ಲಿ ಕೂರಿಸಬಹುದು. ಮಂಗಳೂರು-ಉಡುಪಿಯಲ್ಲಿರುವವರು ಇದಕ್ಕೆ ಮೂರನೆಯದೊಂದನ್ನು ಸೇರಿಸಿಕೊಳ್ಳಬೇಕು: ಗಾಳಿಯ ತೇವಾಂಶ. ಒಣ ಊರುಗಳಲ್ಲಿ ಬರೆದ ಪಾಕವಿಧಾನಗಳು ಜೂನ್ ತಿಂಗಳ ಕರಾವಳಿಯಲ್ಲಿ ಕೈಕೊಡುವುದು ಅದೇ ಕಾರಣಕ್ಕೆ.

ಬಣ್ಣ ಹುಟ್ಟುವ ಬಗೆ

ಸಾಮಾನ್ಯ ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತವೆ. ಪೋಲರೈಸರ್ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ದಾಟಲು ಬಿಡುತ್ತದೆ. ಹೀಗೆ ದಾಟಿದ ಬೆಳಕೇ ಧ್ರುವೀಕೃತ ಬೆಳಕು. ಎರಡನೆಯ ಪೋಲರೈಸರನ್ನು ಅದಕ್ಕೆ 90 ಡಿಗ್ರಿ ತಿರುಗಿಸಿ ಹಿಡಿದರೆ ಬೆಳಕು ಪೂರ್ತಿ ನಿಲ್ಲುತ್ತದೆ. ನಡುವಿನ ಕೋನಗಳಲ್ಲಿ ದಾಟುವ ಬೆಳಕು ಆ ಕೋನದ ಕೊಸೈನ್ ವರ್ಗದಷ್ಟು: 45 ಡಿಗ್ರಿಗೆ ಅರ್ಧ, 60ಕ್ಕೆ ಕಾಲು. ಇದಕ್ಕೆ ಮಾಲೂಸ್ ನಿಯಮ ಎಂದು ಹೆಸರು. ಫ್ರಾನ್ಸಿನ ಎಟಿಯೆನ್ ಲೂಯಿ ಮಾಲೂಸ್ 1808ರಲ್ಲಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಪ್ರತಿಫಲಿಸುತ್ತಿದ್ದ ಸಂಜೆಬಿಸಿಲನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿ, ಪ್ರತಿಫಲಿಸಿದ ಬೆಳಕು ಧ್ರುವೀಕರಣಗೊಂಡಿರುತ್ತದೆ ಎಂದು ಕಂಡುಕೊಂಡ.

ಹೀಗೆ ಕತ್ತಲಾದ ಎರಡು ಪೋಲರೈಸರ್‌ಗಳ ನಡುವೆ ಟೇಪೋ ಹರಳೋ ಬಂತು ಎನ್ನಿ. ಇಂಥ ವಸ್ತುಗಳಿಗೆ ದ್ವಿವಕ್ರೀಭವನ ಗುಣವಿದೆ. ಒಳಹೊಕ್ಕ ಬೆಳಕು ಎರಡಾಗಿ ಸೀಳಿ, ಒಂದು ಪಾಲು ವೇಗವಾಗಿಯೂ ಇನ್ನೊಂದು ತುಸು ನಿಧಾನವಾಗಿಯೂ ಸಾಗುತ್ತದೆ. ಹೊರಬರುವಾಗ ಇವೆರಡರ ನಡುವೆ ಬಿದ್ದ ಅಂತರವನ್ನು ಸುಲಭವಾಗಿ ಲೆಕ್ಕ ಹಾಕಬಹುದು: ವಸ್ತುವಿನ ದಪ್ಪವನ್ನು ಅದರ ದ್ವಿವಕ್ರೀಭವನದ ಅಂಕಿಯಿಂದ ಗುಣಿಸಿದರೆ ಆಯಿತು. ಎರಡನೆಯ ಪೋಲರೈಸರಿನಲ್ಲಿ ಅವು ಮತ್ತೆ ಕೂಡಿದಾಗ ಕೆಲವು ತರಂಗದೂರಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಉಳಿದವುಗಳ ಮಿಶ್ರಣವೇ ಕಾಣುವ ಬಣ್ಣ.

ಅಂತರ 250 ನ್ಯಾನೋಮೀಟರ್ ಸುತ್ತಮುತ್ತ ಇದ್ದರೆ ಬಿಳಿ, ಅದಕ್ಕಿಂತ ಕಡಿಮೆಯಾದರೆ ಬೂದು. 350-400ಕ್ಕೆ ಹಳದಿ, 450ಕ್ಕೆ ಕಿತ್ತಳೆ, 550ಕ್ಕೆ ಮೆಜೆಂಟಾ, 650ಕ್ಕೆ ನೀಲಿ, 750ಕ್ಕೆ ಹಸಿರು, 900ಕ್ಕೆ ಮತ್ತೆ ಹಳದಿ. 2000 ದಾಟಿದ ಮೇಲೆ ಪೇಲವ ಗುಲಾಬಿ ಮತ್ತು ಪೇಲವ ಹಸಿರು ಸರದಿಯಲ್ಲಿ ಬಂದು, ಕೊನೆಗೆ ಎಲ್ಲ ಕಲಸಿ ಬಿಳಿಯಾಗುತ್ತದೆ. ಕಲ್ಲಿನ ತೆಳು ಪದರಗಳನ್ನು ಓದಲು ಭೂವಿಜ್ಞಾನಿಗಳು ಇವತ್ತಿಗೂ ಬಳಸುವ ಮಿಶೆಲ್-ಲೆವಿ ಬಣ್ಣಪಟ್ಟಿ 1888ರದ್ದು. ಅದರ ಒಂದು ಪ್ರತಿಯನ್ನು ಮುದ್ರಿಸಿ ಮೇಜಿನ ಎದುರು ಅಂಟಿಸಿಕೊಳ್ಳಿ. ಚಿತ್ರ ಪೇಲವವಾಗಿ ಬಂದರೆ ವಸ್ತು ದಪ್ಪವಾಯಿತು ಎಂದೂ, ಬೂದುಬಣ್ಣದಲ್ಲೇ ನಿಂತರೆ ತೆಳುವಾಯಿತು ಎಂದೂ ಅದನ್ನು ನೋಡಿ ಹೇಳಬಹುದು. ಧ್ರುವೀಕೃತ ಬೆಳಕು ಹರಳುಗಳಲ್ಲಿ ನಡೆಸುವ ಈ ಕೂಡುವಿಕೆಯನ್ನೇ ಅಧ್ಯಯನ ಮಾಡುತ್ತಿದ್ದ ಭೌತವಿಜ್ಞಾನಿ ಎಸ್. ಪಂಚರತ್ನಂ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1956ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದು 'ಪಂಚರತ್ನಂ ಫೇಸ್' ಎಂದು ಅವರ ಹೆಸರಿನಲ್ಲೇ ಪ್ರಸಿದ್ಧ.

ಸಲಕರಣೆ ಜೋಡಣೆ

ಮೊದಲ ಪೋಲರೈಸರ್ ಈಗಾಗಲೇ ನಿಮ್ಮ ಮನೆಯಲ್ಲಿದೆ. ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಧ್ರುವೀಕರಣಗೊಂಡೇ ಇರುತ್ತದೆ. ಪೂರ್ತಿ 180 ಡಿಗ್ರಿ ಬಿಚ್ಚುವ ಲ್ಯಾಪ್‌ಟಾಪ್, ಬೆನ್ನಿನ ಮೇಲೆ ಮಲಗಿಸಿದ ಮಾನಿಟರ್ ಅಥವಾ ಎಲ್‌ಸಿಡಿ ಟ್ಯಾಬ್ಲೆಟ್ ಆದೀತು. ಅಮೋಲೆಡ್ ಫೋನುಗಳಲ್ಲಿ ಕೆಲವಕ್ಕೆ ಹೊರಗಡೆ ಇನ್ನೊಂದು ಪದರ ಇರುವುದರಿಂದ ಪರೀಕ್ಷಿಸದೆ ನೆಚ್ಚಿಕೊಳ್ಳಬೇಡಿ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ನೂರಕ್ಕೆ ಏರಿಸಿ. ನೈಟ್ ಲೈಟ್‌ನಂಥ ಕಣ್ಣುರಕ್ಷಣೆಯ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ. ಬ್ರೈಟ್‌ನೆಸ್ ತಗ್ಗಿಸಿದರೆ ಹಲವು ಪರದೆಗಳು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಮಿಟುಕಿ ಚಿತ್ರದಲ್ಲಿ ಅಡ್ಡಪಟ್ಟಿ ತರುತ್ತವೆ.

ಎರಡನೆಯ ಪೋಲರೈಸರ್ ಲೆನ್ಸಿನ ಮುಂದಿನ ಸಿಪಿಎಲ್ ಫಿಲ್ಟರ್. ಇದರಲ್ಲೊಂದು ಸೂಕ್ಷ್ಮ ಉಂಟು. ಸಿಪಿಎಲ್‌ನ ವಸ್ತುವಿನ ಕಡೆಯ ಮುಖದಲ್ಲಿ ಸಾದಾ ಪೋಲರೈಸರ್, ಕ್ಯಾಮೆರಾ ಕಡೆಯ ಮುಖದಲ್ಲಿ ಇನ್ನೊಂದು ಪದರ ಇರುತ್ತದೆ. ಲೆನ್ಸಿಗೆ ತಿರುಚಿ ಹಾಕಿದಾಗ ದಿಕ್ಕು ತಾನಾಗಿ ಸರಿಯಿರುತ್ತದೆ. ಫೋನಿನ ಮುಂದೆ ಕೈಯಲ್ಲಿ ಹಿಡಿಯುವವರು ಮಾತ್ರ ಉಲ್ಟಾ ಹಿಡಿದು ಮೋಸ ಹೋಗುತ್ತಾರೆ. ಲೆನ್ಸಿಗೆ ತಿರುಚುವ ತಿರುಪಿನ ಸುತ್ತು ಇರುವ ಬದಿ ಫೋನಿಗೆ ತಾಗಬೇಕು. ಪರೀಕ್ಷೆ ಹೀಗೆ: ಬಿಳಿ ಪರದೆಯನ್ನು ಫಿಲ್ಟರಿನ ಮೂಲಕ ನೋಡುತ್ತ ನಿಧಾನ ತಿರುಗಿಸಿ. ಒಂದು ಹಂತದಲ್ಲಿ ಕಡುನೇರಳೆ ಕಪ್ಪಾದರೆ ಸರಿ. ಎಷ್ಟು ತಿರುಗಿಸಿದರೂ ಬಿಳಿ ಬರೀ ಹಳದಿಗೂ ನೀಲಿಗೂ ವಾಲುತ್ತಿದ್ದರೆ ಫಿಲ್ಟರ್ ಉಲ್ಟಾ ಇದೆ.

ಪರದೆಯ ಮೇಲೆ ನೇರವಾಗಿ ಏನನ್ನೂ ಇಡಬೇಡಿ. ಪಿಕ್ಸೆಲ್‌ಗಳು ಚಿತ್ರದಲ್ಲಿ ಜಾಲರಿಯಂತೆ ಬೀಳುತ್ತವೆ, ಹನಿ ಚೆಲ್ಲಿದರೆ ಪರದೆಯೂ ಹೋಗುತ್ತದೆ. ಎರಡು ಬದಿಗೆ 10ರಿಂದ 15 ಸೆಂಟಿಮೀಟರ್ ಎತ್ತರದ ಸ್ಟೀಲ್ ಲೋಟ ಅಥವಾ ಪುಸ್ತಕದ ಅಟ್ಟಿ ಇಟ್ಟು ಅದರ ಮೇಲೆ ಗಾಜು ಮಲಗಿಸಿ. ಫ್ರೇಮಿನ 2 ಮಿಲಿಮೀಟರ್ ಸಾದಾ ಗಾಜು ಒಳ್ಳೆಯದು. ಟೆಂಪರ್ಡ್ ಗಾಜು ಬೇಡ, ಅದನ್ನು ಕಾಯಿಸಿ ತಣಿಸುವಾಗ ಒಳಗೆ ಉಳಿದ ಒತ್ತಡವೇ ಕಲೆಕಲೆಯಾಗಿ ಕಾಣುತ್ತದೆ. ಅಕ್ರಿಲಿಕ್ ಅಥವಾ ಪ್ಲಾಸ್ಟಿಕ್ ಹಾಳೆ ತನ್ನದೇ ಬಣ್ಣ ಸೇರಿಸುತ್ತದೆ. ಪಿಕ್ಸೆಲ್ ಮರೆಸಲೆಂದು ನಡುವೆ ಬಟರ್ ಪೇಪರ್ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅದು ಧ್ರುವೀಕರಣವನ್ನೇ ಕೆಡಿಸಿ ಹಿನ್ನೆಲೆಯನ್ನು ಬೂದು ಮಾಡಿಬಿಡುತ್ತದೆ.

ಲೆನ್ಸಿಗೆ ಬಂದರೆ, ಟೇಪಿನ ಕೆಲಸಕ್ಕೆ ಸಾದಾ ಕಿಟ್ ಲೆನ್ಸೇ ಸಾಕು. ಹರಳಿಗೆ 1:1 ಮ್ಯಾಕ್ರೋ, ಅಂದರೆ ವಸ್ತುವಿನ ನಿಜ ಗಾತ್ರದ ಬಿಂಬವನ್ನೇ ಸೆನ್ಸರಿನ ಮೇಲೆ ಬೀಳಿಸುವ ಲೆನ್ಸು, ಬೇಕು. ಇಲ್ಲದಿದ್ದರೆ 50 ಮಿಲಿಮೀಟರ್ ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿಕೊಳ್ಳಬಹುದು, ಅಥವಾ ರಿವರ್ಸ್ ರಿಂಗ್‌ನಲ್ಲಿ ಅದನ್ನು ತಿರುಗಿಸಿ ಹಾಕಬಹುದು. ತಿರುಗಿಸಿದ ಲೆನ್ಸಿಗೆ ಸಿಪಿಎಲ್ ಕೂರುವುದಿಲ್ಲವಾದ್ದರಿಂದ ಆಗ ಗಾಜಿನ ಮೇಲ್ಗಡೆ ಚಿಕ್ಕ ಸ್ಟ್ಯಾಂಡಿನಲ್ಲಿ ಪೋಲರೈಸರ್ ಹಾಳೆಯ ಒಂದು ತುಂಡನ್ನು ಹಿಡಿಸಬೇಕಾಗುತ್ತದೆ.

ಕ್ಯಾಮೆರಾ ಸೆಟ್ಟಿಂಗ್ ಮ್ಯಾನುಯಲ್‌ನಲ್ಲಿರಲಿ: ಐಎಸ್‌ಒ 100, ಎಫ್/5.6ರಿಂದ ಎಫ್/8, ಷಟರ್ ಕಾಲು ಸೆಕೆಂಡಿನಿಂದ 2 ಸೆಕೆಂಡು, ರಾ ಫೈಲ್. ಎಫ್/16ಕ್ಕೆ ಹೋಗುವ ಆಸೆ ಬೇಡ. 1:1ರಲ್ಲಿ ಎಫ್/8 ಎಂದರೆ ಕಾರ್ಯತಃ ಎಫ್/16, ಇನ್ನೂ ಕಿರಿದಾಗಿಸಿದರೆ ವಿವರ್ತನೆಯಿಂದ (ಕಿರುದ್ವಾರದಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಚಿತ್ರ ಮಸುಕಾಗುತ್ತದೆ. ವೈಟ್ ಬ್ಯಾಲೆನ್ಸನ್ನು 6000 ಕೆಲ್ವಿನ್ ಆಸುಪಾಸಿನಲ್ಲಿ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ, ಚೌಕಟ್ಟು ತುಂಬ ನೀಲಿ ಬಂದಾಗ ಕ್ಯಾಮೆರಾ ಅದನ್ನು ದೋಷ ಎಂದು ತಿಳಿದು 'ಸರಿಪಡಿಸುತ್ತದೆ'. ಎರಡು ಸೆಕೆಂಡಿನ ಟೈಮರ್ ಹಾಕಿ, ಕೋಣೆಯ ಲೈಟು ಮತ್ತು ಫ್ಯಾನು ಎರಡನ್ನೂ ಆಫ್ ಮಾಡಿ. ಲೈಟು ಗಾಜಿನ ಮೇಲೆ ಪ್ರತಿಫಲಿಸಿ ಕಪ್ಪನ್ನು ಕೆಡಿಸುತ್ತದೆ, ಫ್ಯಾನು ಟ್ರೈಪಾಡನ್ನು ನಡುಗಿಸುತ್ತದೆ. ಸೆಕೆ ತಡೆದುಕೊಳ್ಳಬೇಕು, ಬೇರೆ ದಾರಿಯಿಲ್ಲ.

ಮೊದಲ ಕೆಲಸ: ಟೇಪಿನ ಬಣ್ಣದ ಮೆಟ್ಟಿಲು

ಹರಳಿಗೆ ಹಾರುವ ಮೊದಲು ಒಂದು ಸಂಜೆ ಟೇಪಿಗೆ ಕೊಡಿ. ಸ್ಟೇಷನರಿ ಅಂಗಡಿಯ ಹೊಳಪಿನ ಪಾರದರ್ಶಕ ಟೇಪು ತನ್ನಿ. ಕಂದು ಬಣ್ಣದ್ದು ಬೇಡ. ಮೇಲೆ ಬರೆಯಲು ಬರುವ ಮಬ್ಬು ಟೇಪಿನಲ್ಲಿ ಬಣ್ಣ ಅಷ್ಟಾಗಿ ಏಳುವುದಿಲ್ಲ. ತಯಾರಿಸುವಾಗ ಟೇಪನ್ನು ಎಳೆದು ಹಿಗ್ಗಿಸಿರುವುದರಿಂದ ಅದರ ಅಣುಸರಪಳಿಗಳು ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ದ್ವಿವಕ್ರೀಭವನ ಬಂದದ್ದು ಅಲ್ಲಿಂದ.

ಸುಮಾರು 10 ಸೆಂಟಿಮೀಟರ್ ಉದ್ದದ ಒಂದು ಪಟ್ಟಿಯನ್ನು ಗಾಜಿಗೆ ಅಂಟಿಸಿ. ಅದರ ಮೇಲೆ ಎರಡನೆಯದನ್ನು 1 ಸೆಂಟಿಮೀಟರ್ ಒಳಕ್ಕೆ ಸರಿಸಿ ಅದೇ ದಿಕ್ಕಿನಲ್ಲಿ ಅಂಟಿಸಿ. ಹೀಗೆ ಎಂಟು ಪದರ. ಗಾಳಿಗುಳ್ಳೆ ಉಳಿಯದಂತೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಉಜ್ಜಿ. ಫಿಲ್ಟರ್ ತಿರುಗಿಸಿ ಹಿನ್ನೆಲೆಯನ್ನು ಕಪ್ಪು ಮಾಡಿಕೊಂಡು, ಗಾಜನ್ನು ಮೆಲ್ಲಗೆ ತಿರುಗಿಸುತ್ತ ಬನ್ನಿ. ಪಟ್ಟಿ ಪೋಲರೈಸರಿನ ದಿಕ್ಕಿಗೆ ಸಮಾನಾಂತರವಾಗಿ ಅಥವಾ ಲಂಬವಾಗಿ ನಿಂತಾಗ ಮಾಯವಾಗುತ್ತದೆ, 45 ಡಿಗ್ರಿಯಲ್ಲಿ ಹೆಚ್ಚು ಹೊಳೆಯುತ್ತದೆ. ಇಲ್ಲೊಂದು ವಿಷಯ ಗಮನಿಸಿ: ಗಾಜು ತಿರುಗಿದಾಗ ಹೊಳಪು ಬದಲಾಗುತ್ತದೆ, ಬಣ್ಣದ ಜಾತಿ ಬದಲಾಗುವುದಿಲ್ಲ. ಬಣ್ಣವನ್ನು ನಿರ್ಧರಿಸಿದ್ದು ಪದರಗಳ ಸಂಖ್ಯೆ.

45 ಡಿಗ್ರಿಯಲ್ಲಿ ಒಂದು ಚಿತ್ರ ತೆಗೆಯಿರಿ. ಫಿಲ್ಟರನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು. ಎರಡನೆಯದರಲ್ಲಿ ಪ್ರತಿ ಮೆಟ್ಟಿಲೂ ತನ್ನ ಪೂರಕ ಬಣ್ಣಕ್ಕೆ ಹೊರಳಿರುತ್ತದೆ: ಹಳದಿ ಇದ್ದಲ್ಲಿ ನೀಲಿ, ಮೆಜೆಂಟಾ ಇದ್ದಲ್ಲಿ ಹಸಿರು. ಈ ಎರಡು ಚಿತ್ರಗಳೇ ನಿಮ್ಮ ಬಣ್ಣದ ತಟ್ಟೆ. ಒಂದೊಂದು ಕಂಪನಿಯ ಟೇಪಿನ ದಪ್ಪ ಒಂದೊಂದು ಥರ ಇರುವುದರಿಂದ ಬೇರೆಯವರ ಮೆಟ್ಟಿಲು ನಿಮಗೆ ಬರುವುದಿಲ್ಲ. ಟೇಪು ಬದಲಾದಾಗಲೆಲ್ಲ ಹೊಸದು ಮಾಡಿ.

ಪಟ್ಟಿಗಳು ಒಂದೇ ದಿಕ್ಕಿಗಿದ್ದರೆ ಅಂತರ ಕೂಡುತ್ತದೆ, ಒಂದಕ್ಕೊಂದು ಅಡ್ಡಲಾಗಿದ್ದರೆ ಕಳೆಯುತ್ತದೆ. ಒಂದು ಪದರಕ್ಕೆ ಒಂದು ಪದರ ಅಡ್ಡ ಬಂದ ಚೌಕದಲ್ಲಿ ಬಣ್ಣ ಅಳಿದು ಕಪ್ಪು ಉಳಿಯುತ್ತದೆ. ಅಮೂರ್ತ ರಚನೆಗೆ ಈ ಕಪ್ಪು ಬಹಳ ಬೆಲೆಯುಳ್ಳದ್ದು. ಎಲ್ಲೆಡೆ ಬಣ್ಣ ತುಂಬಿದ ಚಿತ್ರದಲ್ಲಿ ಕಣ್ಣಿಗೆ ಕೂರಲು ಜಾಗವಿರುವುದಿಲ್ಲ. ಜಾತ್ರೆಯ ಬಲೂನಿನ ಗೊಂಚಲು ನೋಡಿದಂತಾಗುತ್ತದೆ. ಚೌಕಟ್ಟಿನ ಮೂರರಲ್ಲೊಂದು ಭಾಗವನ್ನಾದರೂ ಕಪ್ಪಿಗೋ ಬೂದಿಗೋ ಬಿಡಿ, ಮೂರು ಬಣ್ಣಕ್ಕಿಂತ ಹೆಚ್ಚು ಬೇಡ. ಕತ್ತರಿಸಲು ಶಸ್ತ್ರಚಿಕಿತ್ಸೆಯ ಬ್ಲೇಡ್ ಅಥವಾ ಪೇಪರ್ ಕಟರ್ ಬಳಸಿ, ಕತ್ತರಿ ಅಂಚನ್ನು ಎಳೆದು ಬಿಳಿ ಗೆರೆ ಉಳಿಸುತ್ತದೆ.

ಹರಳು: ಹನಿಯ ಲೆಕ್ಕ

ಯಾವ ಹರಳಿನಲ್ಲಿ ಬಣ್ಣ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಎನ್ನುವುದು ಅದರ ಒಳರಚನೆಗೆ ಬಿಟ್ಟದ್ದು. ಅಡುಗೆ ಉಪ್ಪು ಮತ್ತು ಪಟಿಕ ಘನಾಕೃತಿಯ ಒಳರಚನೆಯ ಹರಳುಗಳು, ಎಲ್ಲ ದಿಕ್ಕಿಗೂ ಬೆಳಕಿನ ವೇಗ ಒಂದೇ. ಎಷ್ಟು ಚಂದ ಬೆಳೆಸಿದರೂ ಕಪ್ಪಿನಲ್ಲಿ ಕಪ್ಪಾಗಿಯೇ ಉಳಿಯುತ್ತವೆ. ಎಪ್ಸಮ್ ಸಾಲ್ಟ್, ಸಕ್ಕರೆ, ಸಿಟ್ರಿಕ್ ಆಸಿಡ್, ಯೂರಿಯಾ, ವಿಟಮಿನ್ ಸಿ ಪುಡಿ, ಮೈಲುತುತ್ತು ಇವೆಲ್ಲ ಬಣ್ಣ ಕೊಡುತ್ತವೆ.

ಹೆಚ್ಚಿನವರು 'ದಟ್ಟ ದ್ರಾವಣ ಮಾಡಿ ಒಂದು ಹನಿ ಹಾಕಿ' ಎಂದು ಹೇಳಿ ಮುಗಿಸುತ್ತಾರೆ. ದಟ್ಟ ದ್ರಾವಣ ಹಾಕಿದರೆ ದಪ್ಪ ಹರಳು, ದಪ್ಪ ಹರಳಿನಲ್ಲಿ ಪೇಲವ ಬಣ್ಣ. ಸ್ವಲ್ಪ ಲೆಕ್ಕ ಮಾಡೋಣ. ಎಪ್ಸಮ್ ಸಾಲ್ಟಿನ ದ್ವಿವಕ್ರೀಭವನ ಹೆಚ್ಚೆಂದರೆ 0.028. ಅದು 550 ನ್ಯಾನೋಮೀಟರ್ ಅಂತರ ಕೊಡಲು ಸುಮಾರು 20 ಮೈಕ್ರಾನ್ ದಪ್ಪ ಸಾಕು, ಮನುಷ್ಯರ ತಲೆಕೂದಲಿಗಿಂತ ಎಷ್ಟೋ ತೆಳು. 2 ಸೆಂಟಿಮೀಟರ್ ಚೌಕದಲ್ಲಿ ಅಷ್ಟು ದಪ್ಪದ ಪದರ ಬರಲು ಬೇಕಾದ ಉಪ್ಪು ಕೇವಲ 13ರಿಂದ 15 ಮಿಲಿಗ್ರಾಂ. ಹಾಗಾಗಿ 1 ಗ್ರಾಂ ಎಪ್ಸಮ್ ಸಾಲ್ಟನ್ನು ಕರಗಿಸಿ ಒಟ್ಟು 10 ಮಿಲಿಲೀಟರ್ ಮಾಡಿ, ಅದರ 3 ಹನಿಯನ್ನು ಆ ಚೌಕದಲ್ಲಿ ಹರಡಿದರೆ ಲೆಕ್ಕ ಸರಿಹೋಗುತ್ತದೆ. ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್.

ಯೂರಿಯಾದ ದ್ವಿವಕ್ರೀಭವನ ಇದರ ನಾಲ್ಕು ಪಾಲಿಗೂ ಮಿಕ್ಕಿ, 0.12ರ ಆಸುಪಾಸು. 5 ಮೈಕ್ರಾನ್‌ಗೇ ಅದು ಮೆಜೆಂಟಾ ಮುಟ್ಟುತ್ತದೆ. ಅದಕ್ಕೆ 10 ಮಿಲಿಲೀಟರಿಗೆ 0.2 ಗ್ರಾಂ ಮಾತ್ರ. ಇಷ್ಟು ಸಣ್ಣ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ಸಿಗದಿದ್ದರೆ 2 ಗ್ರಾಂ ಅನ್ನು 100 ಮಿಲಿಲೀಟರಿನಲ್ಲಿ ಕರಗಿಸಿ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ. ಕರಗಿಸಿದಾಗ ಎಣ್ಣೆ ಮೇಲೆ ತೇಲಿ, ಗಾಜಿನ ಮೇಲೆ ಹನಿ ಹರಡದೆ ಮುದುಡುತ್ತದೆ. ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ.

ಮೈಲುತುತ್ತು ಅಡಿಕೆ ತೋಟವಿರುವ ಮನೆಯಲ್ಲಿ ಮಳೆಗಾಲದ ಬೋರ್ಡೋ ಸಿಂಪಡಣೆಗೆಂದು ಇದ್ದೇ ಇರುತ್ತದೆ. ಇದಕ್ಕೆ 10 ಮಿಲಿಲೀಟರಿಗೆ 1.2 ಗ್ರಾಂ ಹಾಕಿ. ವಿಷವಸ್ತು, ಕೈಗವಸು ಹಾಕಿ, ಅಡುಗೆ ಪಾತ್ರೆ ಬಳಸಬೇಡಿ, ಮಕ್ಕಳಿಂದ ದೂರವಿಡಿ. ಉಳಿದದ್ದನ್ನು ಬಾವಿಕಟ್ಟೆ ಬಳಿಯೋ ತೋಡಿಗೋ ಚೆಲ್ಲಬೇಡಿ, ಮೀನಿಗೆ ಅದು ಮಾರಕ. ಬಾಟಲಿಯಲ್ಲಿ ಮುಚ್ಚಿಟ್ಟು ಮುಂದಿನ ಸಲದ ಬೋರ್ಡೋ ಡ್ರಮ್ಮಿಗೆ ಸೇರಿಸಿದರಾಯಿತು.

ಗಾಜನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಚೆನ್ನಾಗಿ ನೀರು ಹಾಯಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ನೀರು ಮಣಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಗಾಜು ಶುದ್ಧವಾಗಿದೆ. ಬೇಗ ಹರಡಲೆಂದು ದ್ರಾವಣಕ್ಕೇ ಸೋಪು ಬೆರೆಸಬೇಡಿ, ಹರಳಿನ ಆಕಾರ ಕೆಡುತ್ತದೆ. ಗಾಜು ಮಟ್ಟವಾಗಿರಲಿ. ಒಂದು ಬದಿಗೆ ವಾಲಿದ್ದರೆ ಅಲ್ಲಿ ದಪ್ಪ, ಇಲ್ಲಿ ತೆಳು. ಬೇಕೆಂದೇ ಒಂದು ಬದಿಗೆ ಎರಡು ಕಾಗದದ ಮಡಿಕೆ ಕೊಟ್ಟರೆ, ಬೂದಿನಿಂದ ಹಸಿರಿನವರೆಗೆ ಬಣ್ಣ ಇಳಿಯುತ್ತ ಹೋಗುವ ಪದರವೂ ಸಿಗುತ್ತದೆ.

ನಿಧಾನ ಒಣಗಿದರೆ ಕೆಲವೇ ದೊಡ್ಡ ಹರಳು, ಸಮತಟ್ಟಾದ ಬಣ್ಣದ ಬಯಲು. ಬೇಗ ಒಣಗಿದರೆ ಗರಿ, ಬೀಸಣಿಗೆ, ಚಕ್ರದಂಥ ಸೂಕ್ಷ್ಮ ರಚನೆ. ಕೇಂದ್ರದಿಂದ ಎಲ್ಲ ದಿಕ್ಕಿಗೂ ಬೆಳೆದ ಚಕ್ರಗಳಲ್ಲಿ ಒಂದು ಕಪ್ಪು ಶಿಲುಬೆ ಕಾಣುತ್ತದೆ. ಗಾಜನ್ನು ಎಷ್ಟು ತಿರುಗಿಸಿದರೂ ಆ ಶಿಲುಬೆ ಅಲ್ಲಾಡುವುದಿಲ್ಲ. ಪೋಲರೈಸರಿನ ದಿಕ್ಕಿಗೆ ನೇರವಾಗಿ ನಿಂತ ಎಳೆಗಳೆಲ್ಲ ಕಪ್ಪಾಗುವುದರಿಂದ, ಯಾವ ಎಳೆಯನ್ನು ತಂದು ಅಲ್ಲಿ ನಿಲ್ಲಿಸಿದರೂ ಫಲ ಒಂದೇ. ಶಿಲುಬೆ ಓರೆಯಾಗಿ ಬೇಕೆಂದರೆ ಕ್ಯಾಮೆರಾವನ್ನೇ ಓರೆ ಮಾಡಬೇಕು.

ಮಳೆಗಾಲ ಎಂಬ ಮೂರನೆಯ ಕೈ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದು ಎಲ್ಲರಿಗೂ ಗೊತ್ತು. ಗಾಳಿಯ ಸಾಪೇಕ್ಷ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಯೂರಿಯಾ ಮತ್ತು ಸಿಟ್ರಿಕ್ ಆಸಿಡಿನ ಗಡಿಯೂ ಹೆಚ್ಚುಕಡಿಮೆ ಅಲ್ಲೇ ಇದೆ. ಆ ಗಡಿಯ ಆಚೆ ನೀವು ಮೂರು ದಿನ ಕಾದರೂ ಸಿಟ್ರಿಕ್ ಆಸಿಡಿನ ಹನಿ ಪಾಕವಾಗಿಯೇ ಉಳಿಯುತ್ತದೆ. ಒಣಗಿದ್ದೂ ಚಿತ್ರ ತೆಗೆಯುವಷ್ಟರಲ್ಲಿ ಬೆವರುತ್ತದೆ. 300 ರೂಪಾಯಿ ಆಸುಪಾಸಿನ ಒಂದು ಆರ್ದ್ರತಾ ಮಾಪಕ ಇಟ್ಟುಕೊಂಡರೆ ಕಾಯುವ ಹಿಂಸೆ ತಪ್ಪುತ್ತದೆ.

ಪರಿಹಾರಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದ ತಳಕ್ಕೆ 100 ಗ್ರಾಂ ಸಿಲಿಕಾ ಜೆಲ್ ಹರಡಿ, ಮೇಲೆ ಜಾಲರಿ ಇಟ್ಟು ಅದರ ಮೇಲೆ ಗಾಜಿಡಿ. ಏಸಿ ಇರುವವರು ಡ್ರೈ ಮೋಡ್ ಹಾಕಿದರೆ ಇನ್ನೂ ಸುಲಭ. ಹೇರ್ ಡ್ರೈಯರಿನ ಬಿಸಿ ಗಾಳಿ ಯೂರಿಯಾಕ್ಕೆ ಸರಿ, ಎಪ್ಸಮ್ ಸಾಲ್ಟಿಗೆ ಬೇಡ. 48 ಡಿಗ್ರಿ ದಾಟಿದರೆ ಅದು ತನ್ನೊಳಗಿನ ನೀರನ್ನು ಬಿಡಲು ತೊಡಗಿ, ಪಾರದರ್ಶಕ ಹರಳು ಸುಣ್ಣದಂತೆ ಬೆಳ್ಳಗಾಗುತ್ತದೆ.

ಇನ್ನೊಂದು ದಾರಿ ನೀರನ್ನೇ ಕಡಿಮೆ ಮಾಡುವುದು. ಅರ್ಧ ಗ್ರಾಂ ಶುದ್ಧ ವಿಟಮಿನ್ ಸಿ ಪುಡಿಯನ್ನು 5 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, 5 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ತೆಳ್ಳಗೆ ಹರಡಿ. ಬೇಗ ಆರುತ್ತದೆ, ಬೀಸಣಿಗೆಗಳು ಸೊಗಸಾಗಿ ಬರುತ್ತವೆ. ಬೆಂಕಿ ಹತ್ತಿರವಿರಬಾರದು. ಚೀಪುವ ವಿಟಮಿನ್ ಮಾತ್ರೆಯಲ್ಲಿ ಸಕ್ಕರೆಯೂ ಬಣ್ಣವೂ ಇರುವುದರಿಂದ ಅದು ಉಪಯೋಗಕ್ಕಿಲ್ಲ. ಪದರ ಕೆಲವು ದಿನಗಳಲ್ಲಿ ಗಾಳಿ ತಾಗಿ ಹಳದಿಯಾಗುತ್ತದೆ, ಅವತ್ತೇ ಚಿತ್ರ ತೆಗೆಯಿರಿ.

ತೆಂಗಿನೆಣ್ಣೆ ಮತ್ತು ಒಂದು ಪದರ ಟೇಪು

ಕರಾವಳಿಗೆ ಹೇಳಿ ಮಾಡಿಸಿದ ವಸ್ತುವೆಂದರೆ ತೆಂಗಿನೆಣ್ಣೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗಿ, ಒಳಗೆ ಸೂಜಿ ಮತ್ತು ಚಕ್ರಾಕಾರದ ಕೊಬ್ಬಿನ ಹರಳುಗಳು ಬೆಳೆಯುತ್ತವೆ. ಒಂದು ಸಣ್ಣ ಹನಿಯನ್ನು ಸೂಕ್ಷ್ಮದರ್ಶಕದ ಎರಡು ಗಾಜಿನ ಸ್ಲೈಡ್‌ಗಳ ನಡುವೆ ಒತ್ತಿ, ಫ್ರಿಜ್ಜಿನಲ್ಲಿ 10 ನಿಮಿಷ ಇಡಿ.

ಹೊರತೆಗೆದ ಕೂಡಲೇ ಗಾಜಿನ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ಮಂಜು ಬಿಡುವ ಉಷ್ಣತೆಯೂ ಎಣ್ಣೆ ಕರಗುವ ಉಷ್ಣತೆಯೂ ಒಂದೇ. ಮಂಜು ಹೋಗುವಾಗ ಹರಳೂ ಹೋಗಿರುತ್ತದೆ. ಒರೆಸುತ್ತ ಕೂರುವುದು ವ್ಯರ್ಥ. ಏಸಿ ಕೋಣೆಯಲ್ಲಿ 22 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಕೋಣೆಯ ತೇವ ಇಳಿಯಲು ಬಿಡಿ, ಆಮೇಲೆ ಸ್ಲೈಡನ್ನು ಹೊರತನ್ನಿ. ಅಲ್ಲಿ ಹರಳು ಕರಗದೆ ನಿಲ್ಲುತ್ತದೆ. ಕರಗುವುದನ್ನೇ ಚಿತ್ರಿಸಬೇಕೆಂದಿದ್ದರೆ ಕೊನೆಯಲ್ಲಿ ಗಾಜಿನ ಮೂಲೆಗೆ ಬೆರಳು ತಾಗಿಸಿ, 2 ಸೆಕೆಂಡಿಗೊಂದರಂತೆ ತೆಗೆಯುತ್ತ ಹೋಗಿ. ಬೆರಳಿನ ಸುತ್ತ ಕಪ್ಪು ಹರಡುತ್ತ ಬರುತ್ತದೆ, ದ್ರವ ಎಣ್ಣೆಗೆ ದ್ವಿವಕ್ರೀಭವನ ಇಲ್ಲವಲ್ಲ.

ಈ ಹರಳುಗಳು ಹೆಚ್ಚಾಗಿ ಬೆಳ್ಳಿ-ಬೂದು ಬಣ್ಣದಲ್ಲೇ ನಿಲ್ಲುತ್ತವೆ. ಆಗ ಟೇಪಿನ ಮೆಟ್ಟಿಲಿಗೆ ಮರಳಿ. ಅದರಲ್ಲಿ ಮೆಜೆಂಟಾ ಬಂದದ್ದು ಎಷ್ಟನೆಯ ಪದರಕ್ಕೋ, ಅಷ್ಟು ಪದರವನ್ನು ಬೇರೊಂದು ಗಾಜಿಗೆ ಅಂಟಿಸಿ, 45 ಡಿಗ್ರಿಯಲ್ಲಿ ಸ್ಲೈಡಿನ ಕೆಳಗಿಡಿ. ಹಿನ್ನೆಲೆ ಇಡೀ ಮೆಜೆಂಟಾ ಆಗುತ್ತದೆ. ಎಣ್ಣೆಯ ಹರಳಿನ 100 ನ್ಯಾನೋಮೀಟರ್ ಅಂತರ ಒಂದು ದಿಕ್ಕಿನ ಎಳೆಗಳಲ್ಲಿ ಕೂಡಿ 650 ಆಗಿ ನೀಲಿ ಬರುತ್ತದೆ, ಅಡ್ಡ ದಿಕ್ಕಿನವುಗಳಲ್ಲಿ ಕಳೆದು 450 ಆಗಿ ಕಿತ್ತಳೆ ಬರುತ್ತದೆ. ಬೂದು ಚಕ್ರವೊಂದು ನಾಲ್ಕು ಭಾಗವಾಗಿ, ಎದುರುಬದುರು ನೀಲಿ, ಎದುರುಬದುರು ಕಿತ್ತಳೆ ಆಗಿ ಒಡೆಯುವುದನ್ನು ನೋಡಿದ ಮೇಲೆ ಯಾರಿಗೂ ಸ್ಯಾಚುರೇಷನ್ ಸ್ಲೈಡರ್ ನೆನಪಾಗುವುದಿಲ್ಲ. ಭೂವಿಜ್ಞಾನದ ಸೂಕ್ಷ್ಮದರ್ಶಕಗಳಲ್ಲಿ ಇದೇ ಕೆಲಸಕ್ಕೆ ಬೆಲೆಬಾಳುವ ಫಲಕ ಇರುತ್ತದೆ. ಚಿತ್ರಕ್ಕೆ ಟೇಪು ಸಾಕು.

ಮರಳು ಮತ್ತು ನಾರು

ಮಲ್ಪೆಯದ್ದೋ ಪಣಂಬೂರಿನದ್ದೋ ಒಂದು ಚಿಟಿಕೆ ಮರಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ನುಣ್ಣನೆ ಹಿಟ್ಟಿನ ಜರಡಿಯಲ್ಲಿ ಇಳಿದದ್ದನ್ನು ಮಾತ್ರ ತೆಗೆದುಕೊಳ್ಳಿ. ಕಣಗಳು ಒಂದರ ಮೇಲೊಂದು ಕೂರದಂತೆ ಸ್ಲೈಡಿನಲ್ಲಿ ಹರಡಿ. ಬರಿ ಗಾಳಿಯಲ್ಲಿ ನೋಡಿದರೆ ಅಂಚುಗಳಲ್ಲಿ ಬೆಳಕು ಚದುರಿ ಕಣ್ಣು ಕುಕ್ಕುತ್ತದೆ. ಎರಡು ಹನಿ ಲವಂಗದ ಎಣ್ಣೆ ಹಾಕಿ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.53, ಕ್ವಾರ್ಟ್ಜ್‌ನದ್ದು 1.54, ಹಾಗಾಗಿ ಕಣದ ಅಂಚು ಕರಗಿಹೋಗಿ ಒಳಗಿನ ಬಣ್ಣ ಮಾತ್ರ ಉಳಿಯುತ್ತದೆ. ಅಂಚಿನಲ್ಲಿ ತೆಳು, ನಡುವೆ ದಪ್ಪ ಇರುವುದರಿಂದ ಭೂಪಟದ ಎತ್ತರದ ಗೆರೆಗಳಂತೆ ಸುತ್ತುಸುತ್ತಾದ ಬಣ್ಣದ ಉಂಗುರಗಳು ಕಾಣುತ್ತವೆ. ಚಿಪ್ಪಿನ ಚೂರುಗಳು ಬೆಳ್ಳಗೆ ಹೊಳೆಯುತ್ತವೆ, ಅವುಗಳ ದ್ವಿವಕ್ರೀಭವನ ಕ್ವಾರ್ಟ್ಜ್‌ಗಿಂತ ಎಷ್ಟೋ ಹೆಚ್ಚು. ಕಪ್ಪು ಖನಿಜ ಕಣಗಳ ಮೂಲಕ ಬೆಳಕು ದಾಟುವುದೇ ಇಲ್ಲ.

ಸಸ್ಯದ ನಾರಿನ ಸೆಲ್ಯುಲೋಸಿಗೂ ದ್ವಿವಕ್ರೀಭವನ ಇದೆ. ಮಲ್ಲಿಗೆ ಚೆಂಡು ಕಟ್ಟಿದ ಬಾಳೆನಾರನ್ನು ಬಿಸಾಡುವ ಮೊದಲು ಉಗುರಿನಿಂದ ಒಂದು ಎಳೆ ಸೀಳಿ ನೋಡಿ. ನಾರು ತಿರುಚಿಕೊಂಡಲ್ಲೆಲ್ಲ ಬಣ್ಣ ಆರಿ ಹೊತ್ತಿಕೊಳ್ಳುತ್ತದೆ.

ಫೋಕಸ್, ತಿದ್ದುಪಡಿ, ಮುದ್ರಣ

1:1ರಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಅರ್ಧ ಮಿಲಿಮೀಟರಿನಷ್ಟೇ. ಹರಳಿನ ತೆಳು ಪದರಕ್ಕೆ ಅದು ಧಾರಾಳ, ಆದರೆ ಕ್ಯಾಮೆರಾ ಗಾಜಿಗೆ ಸರಿಯಾಗಿ ಲಂಬವಾಗಿರಬೇಕು. ಗಾಜಿನ ಮೇಲೆ ಪುಟ್ಟ ಕನ್ನಡಿ ಇಟ್ಟು, ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಡುಮಧ್ಯ ಬರುವಂತೆ ಹೊಂದಿಸಿದರೆ ಅದು ಲಂಬ. ಮರಳಿನಂಥ ಉಬ್ಬುತಗ್ಗಿನ ವಸ್ತುವಿಗೆ 0.2 ಮಿಲಿಮೀಟರ್ ಅಂತರದಲ್ಲಿ ಎಂಟು-ಹತ್ತು ಚಿತ್ರ ತೆಗೆದು ಫೋಕಸ್ ಸ್ಟ್ಯಾಕ್ ಮಾಡಬೇಕಾದೀತು, ಅಂದರೆ ಅವುಗಳ ಸ್ಪಷ್ಟ ಭಾಗಗಳನ್ನು ಒಂದೇ ಚಿತ್ರವಾಗಿ ಕೂಡಿಸಬೇಕಾದೀತು.

ತಿದ್ದುಪಡಿಯಲ್ಲಿ ಕಪ್ಪಿನ ಮಟ್ಟ, ಧೂಳಿನ ಚುಕ್ಕೆ, ಕತ್ತರಿಕೆ ಇಷ್ಟಕ್ಕೆ ನಿಲ್ಲಿಸುವುದು ಲೇಸು. ಹ್ಯೂ (ಬಣ್ಣದ ಜಾತಿ) ಬದಲಿಸಿದ ಚಿತ್ರದಲ್ಲಿ ಬಣ್ಣಕ್ಕೂ ದಪ್ಪಕ್ಕೂ ಇದ್ದ ಸಂಬಂಧ ಕಡಿದುಹೋಗುತ್ತದೆ, ಬೇರೆ ಬಣ್ಣ ಬೇಕಿದ್ದರೆ ಟೇಪಿನ ಪದರ ಬದಲಿಸಿ. ಕಪ್ಪು ಬೂದಾಗಿ ಬಂದಿದ್ದರೆ ಸಾಫ್ಟ್‌ವೇರಿಗಿಂತ ಮೊದಲು ಫಿಲ್ಟರ್ ಒಂದೆರಡು ಡಿಗ್ರಿ ಜಾರಿದೆಯೇ, ಕಿಟಕಿಯ ಬೆಳಕು ಗಾಜಿಗೆ ಬೀಳುತ್ತಿದೆಯೇ ಎಂದು ನೋಡಿ.

ಪರದೆಯ ಮೇಲಿನ ನೇರಳೆ ಮತ್ತು ನವಿಲುನೀಲಿಯನ್ನು ಮುದ್ರಣದ ಶಾಯಿ ಪೂರ್ತಿ ಹಿಡಿಯಲಾರದು. ಲ್ಯಾಬಿನವರಿಂದ ಅವರ ಮುದ್ರಣದ ಬಣ್ಣದ ಪ್ರೊಫೈಲ್ ಕೇಳಿ ಪಡೆದು ಸಾಫ್ಟ್ ಪ್ರೂಫ್ (ಮುದ್ರಣ ಹೇಗೆ ಬರುತ್ತದೆಂಬ ಪರದೆಯ ಮೇಲಿನ ಅಂದಾಜು) ನೋಡಿ, ಮೊದಲು 4×6ರಲ್ಲಿ ಒಂದು ಪರೀಕ್ಷಾ ಪ್ರತಿ ತೆಗೆಸಿ. 24 ಮೆಗಾಪಿಕ್ಸೆಲ್ ಫೈಲು 300 ಡಿಪಿಐಯಲ್ಲಿ 20×13 ಇಂಚಿನವರೆಗೆ ಬರುತ್ತದೆ, 12×18 ನಿಶ್ಚಿಂತೆ. ಫ್ರೇಮ್ ಹಾಕಿಸುವಾಗ ಚಿತ್ರ ಗಾಜಿಗೆ ತಾಗದಂತೆ ಸುತ್ತ ಮೌಂಟ್ ಬೋರ್ಡ್ ಕೊಡಿಸಿ, ಇಲ್ಲದಿದ್ದರೆ ಎರಡನೆಯ ಮಳೆಗಾಲಕ್ಕೆ ಅಂಟಿಕೊಂಡಿರುತ್ತದೆ. ಸಿಪಿಎಲ್ ಫಿಲ್ಟರನ್ನೂ ಲೆನ್ಸಿನ ಜೊತೆ ಶೇ. 40-50 ತೇವಾಂಶದ ಡ್ರೈ ಬಾಕ್ಸಿನಲ್ಲೇ ಇಡಿ, ಅದರೊಳಗಿನ ಪೋಲರೈಸರ್ ಪೊರೆಗೆ ಬಿಸಿ ಮತ್ತು ತೇವ ಎರಡೂ ಆಗದು. ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ವಸ್ತು, ದ್ರಾವಣದ ಪ್ರಮಾಣ, ಹನಿ, ಅವತ್ತಿನ ತೇವಾಂಶ, ಕೆಳಗಿಟ್ಟ ಟೇಪಿನ ಪದರ ಮತ್ತು ಫಿಲ್ಟರಿನ ಕೋನ ಬರೆದಿಡಿ. ಅದೇ ಬಣ್ಣ ಮುಂದೊಮ್ಮೆ ಬೇಕಾದಾಗ ಈ ಆರು ಅಂಶಗಳಿಲ್ಲದೆ ಸಿಗುವುದಿಲ್ಲ.